ವಿನೈಲ್ ನೆಲಗಳ ಲೇಪಾಪನಯನ ಮತ್ತು ಪುನರ್ಲೇಪನ

೧. ವಿಷಯನಿರ್ದೇಶ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪಾಠಶಾಲೆ, ಆಸ್ಪತ್ರೆ, ದಿನಸಿಯ ಮಳಿಗೆ, ಸರ್ಕಾರಿ ಕಚೇರಿ ಮೊದಲಾದ ಬಹುಜನಸಂಚಾರವುಳ್ಳ ಕಟ್ಟಡಗಳನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಅಲ್ಲಿಯ ಹೊಳೆಯುವ ನೆಲ. ಅಡಿಯುದ್ದ ಅಡಿಯಗಲದ ಚೌಕವಾದ ಟೈಲುಗಳನ್ನು ಸಾಲಾಗಿ ಅಂಟಿಸಿ ಮಾಡಿದ ಈ ನೆಲಕ್ಕೆ ವ್ಯವಹಾರದಲ್ಲಿ ವಿನೈಲ್ ಕಾಂಪೊಸಿಷನ್ ಟೈಲ್ ಎಂದೂ, ಸಂಕ್ಷೇಪವಾಗಿ ವಿ.ಸಿ.ಟಿ. ಎಂದೂ ಹೆಸರು. ಹೊಳಪು ಟೈಲಿನದೇ ಎಂದು ನೋಡುವವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಟೈಲಿನದಲ್ಲ, ಟೈಲಿನ ಮೇಲೆ ಕೂದಲಿಗಿಂತಲೂ ತೆಳುವಾಗಿ ಹಚ್ಚಿರುವ ಲೇಪದ್ದು. ದಿನವೂ ಜನರ ಪಾದರಕ್ಷೆಗಳು ಸವೆಯಿಸುವುದು ಈ ಲೇಪವನ್ನೇ ಹೊರತು ಟೈಲನ್ನಲ್ಲ. ಲೇಪವು ತಾನು ಸವೆದು ನೆಲವನ್ನು ಕಾಯುತ್ತದೆ.

ಹೀಗೆ ಸವೆದು, ಗೀಚುಬಿದ್ದು, ಕೊಳೆಯನ್ನು ಒಳಗೊಂಡು ಹಳದಿಗಟ್ಟಿದ ಲೇಪವನ್ನು ದ್ರಾವಣದಿಂದ ಸಡಿಲಿಸಿ ಪೂರ್ಣವಾಗಿ ತೆಗೆಯುವ ಕರ್ಮಕ್ಕೆ ಆ ಉದ್ಯೋಗದವರು ‘ಸ್ಟ್ರಿಪ್ಪಿಂಗ್’ ಎನ್ನುತ್ತಾರೆ. ಪ್ರಕೃತ ಲೇಖನದಲ್ಲಿ ಅದನ್ನು ಅಪನಯನವೆಂದೂ, ಅನಂತರ ಹೊಸ ಲೇಪವನ್ನು ಹಚ್ಚುವುದನ್ನು ಪುನರ್ಲೇಪನವೆಂದೂ ವ್ಯವಹರಿಸಲಾಗಿದೆ. ಗೋಮಯದಿಂದ ಸಾರಿಸಿದ ನೆಲದಲ್ಲಿ ಹಳೆಯ ಸಾರಣೆಯ ಮೇಲೆಯೇ ಹೊಸ ಸಾರಣೆ ಬೀಳುವುದು. ಹಳೆಯದನ್ನು ತೆಗೆಯಬೇಕೆಂಬ ವಿಧಿಯಿಲ್ಲ. ವಿನೈಲ್ ನೆಲದಲ್ಲಿ ಹಾಗೆ ಹಚ್ಚುತ್ತಲೇ ಹೋದರೆ ಪದರಗಳ ನಡುವೆ ಕೊಳೆ ಸಿಕ್ಕಿಕೊಂಡು ನೆಲವು ಕಪ್ಪಾಗುವುದು. ಆದುದರಿಂದ ಅಪನಯನವು ಆವಶ್ಯಕ. ಆದರೆ ಅದನ್ನು ಯಾವಾಗ ಮಾಡಬೇಕು, ಹೇಗೆ ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ವಿಷಯದಲ್ಲಿ ಅನೇಕರಿಗೆ ವಿಪರೀತಜ್ಞಾನವುಂಟು. ಆ ವಿಪರೀತಜ್ಞಾನದಿಂದ ನೆಲವು ಕೆಡುವುದಷ್ಟೇ ಅಲ್ಲದೆ, ನೆಲ ತೊಳೆಯುವವರ ಮತ್ತು ಅದರ ಮೇಲೆ ನಡೆಯುವವರ ಆರೋಗ್ಯಕ್ಕೂ ಹಾನಿಯಾಗಬಹುದು. ಇದೇ ಈ ವಿಚಾರಕ್ಕೆ ಪ್ರಯೋಜನ.

೨. ಪೂರ್ವವೃತ್ತಾಂತ

ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬಾತನು ಅಗಸೆ ಎಣ್ಣೆಯನ್ನು ಗಾಳಿಗೊಡ್ಡಿ ಗಟ್ಟಿಮಾಡಿ ಲಿನೋಲಿಯಂ ಎಂಬ ನೆಲಹಾಸನ್ನು ಸಿದ್ಧಪಡಿಸಿ ೧೮೬೩ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕಾದಲ್ಲಿ ಡಾಂಬರು ಮತ್ತು ಕಲ್ನಾರುಗಳನ್ನು ಸೇರಿಸಿ ಮಾಡಿದ ಟೈಲುಗಳು ಬಳಕೆಗೆ ಬಂದವು. ೧೯೨೬ರಲ್ಲಿ ಓಹಾಯೋ ಪ್ರಾಂತದ ಆಕ್ರನ್ ನಗರದಲ್ಲಿ ಬಿ. ಎಫ್. ಗುಡ್‌ರಿಚ್ ಸಂಸ್ಥೆಯ ರಸಾಯನಜ್ಞನಾದ ವಾಲ್ಡೋ ಸೆಮನ್ ಎಂಬಾತನು, ಲೋಹಕ್ಕೆ ರಬ್ಬರನ್ನು ಅಂಟಿಸುವ ವಸ್ತುವೊಂದನ್ನು ಹುಡುಕುತ್ತಿರುವಾಗ, ಅದುವರೆಗೆ ಬಿರುಸಾಗಿ ನಿರುಪಯೋಗವೆನಿಸಿದ್ದ ಪಾಲಿವಿನೈಲ್ ಕ್ಲೋರೈಡನ್ನು ಮೆತುವಾಗಿಸುವ ಉಪಾಯವನ್ನು ಕಂಡುಕೊಂಡನು. ೧೯೩೩ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ವಿನೈಲ್ ನೆಲವು ಜನರ ಕಣ್ಣಿಗೆ ಬಿದ್ದಿತು. ಎರಡನೆಯ ಮಹಾಯುದ್ಧವು ೧೯೪೫ರಲ್ಲಿ ಮುಗಿದ ಮೇಲೆ ಹೊಸ ಪಾಠಶಾಲೆಗಳೂ ಆಸ್ಪತ್ರೆಗಳೂ ಹೇರಳವಾಗಿ ಕಟ್ಟಲ್ಪಟ್ಟವು. ಅವುಗಳ ನೆಲಕ್ಕೆ ವಿನೈಲ್ ಟೈಲೇ ಬಹುವಾಗಿ ಹಾಸಲ್ಪಟ್ಟಿತು.

ನೆಲದ ಇತಿಹಾಸದೊಡನೆ ಲೇಪದ ಇತಿಹಾಸವೂ ಸಾಗಿದೆ. ಪ್ರಾಚೀನವಾದ ಲೇಪವು ಮೇಣ. ಬ್ರೆಜಿಲ್ ದೇಶದ ಈಶಾನ್ಯಭಾಗದಲ್ಲಿ ಬೆಳೆಯುವ ಕಾರ್ನೌಬಾ ಎಂಬ ತಾಳೆಜಾತಿಯ ಮರದ ಎಲೆಗಳಿಂದ ದೊರೆಯುವ ಮೇಣವು ಸುಮಾರು ೮೨ರಿಂದ ೮೬ ಡಿಗ್ರಿ ಸೆಂಟಿಗ್ರೇಡಿನವರೆಗೆ ಕರಗದಷ್ಟು ಗಟ್ಟಿಯಾದುದು. ಅದನ್ನು ಟರ್ಪೆಂಟೈನ್ ಮೊದಲಾದ ದ್ರವಗಳಲ್ಲಿ ಕಲಸಿ ಮರದ ನೆಲಕ್ಕೆ ಹಚ್ಚಿ ಉಜ್ಜುತ್ತಿದ್ದರು. ಆದರೆ ಡಾಂಬರಿನ ಟೈಲನ್ನೂ ರಬ್ಬರಿನ ಟೈಲನ್ನೂ ಆ ದ್ರವಗಳು ಮೆತ್ತಗೆಮಾಡಿ ಕೆಡಿಸುತ್ತಿದ್ದವು. ಆದಕಾರಣ ಮೇಣವನ್ನು ನೀರಿನಲ್ಲಿಯೇ ಸೂಕ್ಷ್ಮಕಣಗಳಾಗಿ ಹರಡಿಸಿದ, ಉಜ್ಜದೆಯೇ ಹೊಳೆಯುವ ಲೇಪಗಳು ಹುಟ್ಟಿದವು. ವಿಸ್ಕಾನ್ಸಿನ್ ಪ್ರಾಂತದ ರಸೀನ್ ನಗರದ ಜಾನ್ಸನ್ ಸಂಸ್ಥೆಯವರು ೧೯೩೨ರಲ್ಲಿ ಮಾರುಕಟ್ಟೆಗೆ ತಂದ ಗ್ಲೋ-ಕೋಟ್ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಆ ಸಂಸ್ಥೆಯ ಒಡೆಯನಾದ ಎಚ್. ಎಫ್. ಜಾನ್ಸನ್ ೧೯೩೫ರಲ್ಲಿ ಕಾರ್ನೌಬಾ ಮರವನ್ನು ಪರಿಶೀಲಿಸುವುದಕ್ಕಾಗಿಯೇ ವಿಮಾನದಲ್ಲಿ ಬ್ರೆಜಿಲಿಗೆ ಹೋಗಿಬಂದನು. ಈಚಿನ ಲೇಪಗಳಲ್ಲಿ ಪ್ರಧಾನದ್ರವ್ಯವು ಮೇಣವಲ್ಲ, ಅಕ್ರಿಲಿಕ್ ಜಾತಿಯ ಪಾಲಿಮರು. ಆದರೂ ರೂಢಿಯು ಬಲವಾದುದರಿಂದ ಕೆಲಸಗಾರರು ಇಂದಿಗೂ ಅದನ್ನು ‘ವ್ಯಾಕ್ಸ್’ ಎಂದರೆ ಮೇಣವೆಂದೇ ಕರೆಯುತ್ತಾರೆ. ಎಳ್ಳಿನಿಂದ ತೆಗೆದುದಕ್ಕೆ ಮಾತ್ರ ಸಲ್ಲಬೇಕಾದ ತೈಲಶಬ್ದವು ಎಲ್ಲ ಎಣ್ಣೆಗಳಿಗೂ ಸಂದಂತೆ ಇದೂ ಒಂದು ರೂಢಿ.

೩. ಟೈಲಿನ ಸ್ವರೂಪ

ವಿನೈಲ್ ಟೈಲೆಂಬ ಹೆಸರನ್ನು ಕೇಳಿ ಅದು ಪೂರ್ಣವಾಗಿ ವಿನೈಲಿನಿಂದಲೇ ಆದುದೆಂದು ತಿಳಿಯಬಾರದು. ಅದರ ಬಹುಭಾಗವು ಸುಣ್ಣಕಲ್ಲಿನ ಪುಡಿ; ವಿನೈಲ್ ಆ ಪುಡಿಯನ್ನು ಹಿಡಿದಿಡುವ ಬಂಧಕದ್ರವ್ಯ ಮಾತ್ರ. ಆದುದರಿಂದಲೇ ಅದರ ಮೈಯಲ್ಲಿ ಸೂಕ್ಷ್ಮರಂಧ್ರಗಳಿರುವುವು. ಲೇಪವಿಲ್ಲದ ಟೈಲಿನ ಮೇಲೆ ಜನರು ನಡೆದರೆ ಮರಳಿನ ಕಣಗಳು ಅದನ್ನು ಗೀಚುವುವು, ರಂಧ್ರಗಳಲ್ಲಿ ಕೊಳೆ ಕೂರುವುದು, ಮತ್ತೆ ಅದು ಸುಲಭವಾಗಿ ಹೋಗದು. ಟೈಲುಗಳ ನಡುವಣ ಸಂದುಗಳಿಂದ ನೀರು ಇಳಿದರೆ ಕೆಳಗಿನ ಅಂಟು ಸಡಿಲವಾಗಿ ಅಂಚುಗಳು ಮೇಲೇಳುವುವು. ಹೊಸದಾಗಿ ಹಾಸಿದ ನೆಲವನ್ನು ನಾಲ್ಕೈದು ದಿನಗಳವರೆಗೆ ನೀರು ಹೊಯ್ದು ತೊಳೆಯಕೂಡದೆಂದು ತಯಾರಕರು ವಿಧಿಸುವುದಕ್ಕೆ ಇದೇ ಕಾರಣ.

ಕರ್ಮಕ್ಕೆ ಮುಂಚೆ ನೆಲವು ಯಾವ ಜಾತಿಯದೆಂದು ನಿರ್ಧರಿಸುವುದು ಅತ್ಯವಶ್ಯಕ. ಲಿನೋಲಿಯಮ್ಮು ಹೊರನೋಟಕ್ಕೆ ವಿನೈಲಿನಂತೆಯೇ ಕಾಣಬಹುದು. ಆದರೆ ಅದು ಎಣ್ಣೆಯಿಂದ ಹುಟ್ಟಿದುದಾದಕಾರಣ ತೀಕ್ಷ್ಣವಾದ ಕ್ಷಾರವು ಬಿದ್ದರೆ ಕಂದಿ ಒಡೆಯುವುದು. ರೋಗವನ್ನು ಅರಿಯದೆ ಔಷಧವನ್ನು ಕೊಡುವ ವೈದ್ಯನಂತೆ, ನೆಲವನ್ನು ಅರಿಯದೆ ದ್ರಾವಣವನ್ನು ಹೊಯ್ಯುವವನೂ ಅನರ್ಥಕ್ಕೆ ಕಾರಣನಾಗುವನು.

೪. ಲೇಪದ ಸ್ವರೂಪ

ಲೇಪವು ಎರಡು ಪರಸ್ಪರವಿರುದ್ಧವಾದ ಗುಣಗಳನ್ನು ಹೊಂದಿರಬೇಕು. ದಿನವೂ ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಹೋಗಕೂಡದು. ತೆಗೆಯಬೇಕೆಂದಾಗ ಮಾತ್ರ ನಿಶ್ಶೇಷವಾಗಿ ಹೋಗಬೇಕು. ಈ ವಿರೋಧವನ್ನು ರಸಾಯನಜ್ಞರು ೧೯೬೦ರ ದಶಕದಲ್ಲಿ ಪರಿಹರಿಸಿದ ರೀತಿಯು ಗಮನಾರ್ಹವಾಗಿದೆ.

ಅಕ್ರಿಲಿಕ್ ಪಾಲಿಮರಿನ ಉದ್ದವಾದ ಸರಪಳಿಗಳಲ್ಲಿ ಅಲ್ಲಲ್ಲಿ ಆಮ್ಲಗುಣವುಳ್ಳ ಕೊಂಡಿಗಳಿರುವಂತೆ ಮಾಡುತ್ತಾರೆ. ಲೇಪದ್ರವದಲ್ಲಿ ಸತುವನ್ನು ಅಮೋನಿಯದೊಡನೆ ಕೂಡಿಸಿ ಇಟ್ಟಿರುತ್ತಾರೆ. ಅಮೋನಿಯವು ಜತೆಯಲ್ಲಿರುವವರೆಗೆ ಸತುವು ಸುಮ್ಮನಿರುವುದು. ದ್ರವವನ್ನು ನೆಲಕ್ಕೆ ಹಚ್ಚಿದಾಗ ನೀರಿನೊಡನೆ ಅಮೋನಿಯವೂ ಆವಿಯಾಗಿ ಹೊರಟುಹೋಗುವುದು. ಆಗ ಒಂಟಿಯಾದ ಸತುವು ಅಕ್ಕಪಕ್ಕದ ಸರಪಳಿಗಳ ಆಮ್ಲಕೊಂಡಿಗಳನ್ನು ಹಿಡಿದು ಒಂದಕ್ಕೊಂದು ಬಿಗಿಯುವುದು. ಹೀಗೆ ಬಿಗಿದ ಲೇಪವು ಸೌಮ್ಯವಾದ ಸಾಬೂನುನೀರಿಗೆ ಜಗ್ಗುವುದಿಲ್ಲ. ಕಾಲಾಂತರದಲ್ಲಿ ಅಮೋನಿಯವನ್ನೋ ಅದರ ಸಂಬಂಧಿಗಳಾದ ಅಮೀನ್‌ಗಳನ್ನೋ ಒಳಗೊಂಡ ತೀಕ್ಷ್ಣದ್ರಾವಣವನ್ನು ಅದರ ಮೇಲೆ ಹೊಯ್ದರೆ ಸತುವು ಸರಪಳಿಗಳ ಕೈಬಿಟ್ಟು ಅಮೀನಿನೊಡನೆ ಕೂಡಿಕೊಳ್ಳುವುದು. ಬಂಧವು ಬಿಚ್ಚಿ, ಲೇಪವು ಉಬ್ಬಿ, ಸಡಿಲವಾಗಿ ಮೇಲೇಳುವುದು. ಅಂದರೆ ಯಾವುದರ ನಿರ್ಗಮನದಿಂದ ಬಂಧವುಂಟಾಯಿತೋ ಅದರ ಜಾತಿಯದೇ ಮರಳಿ ಬಂದರೆ ಬಂಧವು ಬಿಚ್ಚುವುದು.

ಈ ತತ್ತ್ವವನ್ನು ತಿಳಿದರೆ ವ್ಯವಹಾರದ ಒಂದು ನಿಯಮವು ತಾನಾಗಿಯೇ ಸಿದ್ಧಿಸುವುದು. ಲೇಪವನ್ನು ತೆಗೆಯುವುದು ಮುಖ್ಯವಾಗಿ ದ್ರಾವಣದ ಮತ್ತು ಕಾಲದ ಕೆಲಸ. ಉಜ್ಜುವುದು ಸಹಕಾರಿ ಮಾತ್ರ. ದ್ರಾವಣಕ್ಕೆ ಬೇಕಾದ ಕಾಲವನ್ನು ಕೊಡದೆ ಬಲದಿಂದ ಉಜ್ಜುವವನು ಲೇಪವನ್ನು ತೆಗೆಯುವುದಕ್ಕೆ ಬದಲಾಗಿ ಟೈಲನ್ನು ಸವೆಯಿಸುತ್ತಾನೆ.

೫. ಅಪನಯನಕ್ರಮ

ಮೊದಲು ಸ್ಥಳದಲ್ಲಿರುವ ಸಾಮಾನುಗಳನ್ನು ಹೊರಗಿಟ್ಟು, ಜನಸಂಚಾರವನ್ನು ತಡೆದು, ಎಚ್ಚರಿಕೆಯ ಫಲಕಗಳನ್ನು ನಿಲ್ಲಿಸಬೇಕು. ದ್ರಾವಣ ಬಿದ್ದ ನೆಲವು ಮಂಜುಗಡ್ಡೆಯಂತೆ ಜಾರುವುದಾದಕಾರಣ ಇದನ್ನು ಉಪಚಾರವೆಂದು ಎಣಿಸಕೂಡದು. ಅನಂತರ ಧೂಳನ್ನೂ ಮರಳನ್ನೂ ಗುಡಿಸಿ, ಅಂಟಿಕೊಂಡಿರುವ ಗೋಂದು ಮೊದಲಾದವನ್ನು ಹರೆದು ತೆಗೆಯಬೇಕು. ದ್ರಾವಣವನ್ನು ಡಬ್ಬಿಯ ಮೇಲೆ ಬರೆದಿರುವ ಪ್ರಮಾಣದಲ್ಲಿಯೇ ನೀರಿಗೆ ಬೆರೆಸತಕ್ಕದ್ದು. ಬಿಸಿನೀರಾದರೆ ಬೇಗ ಕೆಲಸವಾಗುವುದೆಂಬ ನಂಬಿಕೆಯುಂಟು. ಆದರೆ ಅನೇಕ ದ್ರಾವಣಗಳಲ್ಲಿರುವ ದ್ರಾವಕಗಳು ಬಿಸಿಗೆ ಬೇಗನೆ ಆವಿಯಾಗಿ ಗಾಳಿಯನ್ನು ಸೇರುವುದರಿಂದ, ತಣ್ಣೀರನ್ನೇ ಉಪಯೋಗಿಸಬೇಕೆಂದು ಅವುಗಳ ತಯಾರಕರು ಹೇಳುತ್ತಾರೆ.

ದ್ರಾವಣವನ್ನು ಗೋಡೆಯಂಚಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪ ಭಾಗಕ್ಕೆ ಧಾರಾಳವಾಗಿ ಹಚ್ಚಿ, ಸುಮಾರು ಹತ್ತು ನಿಮಿಷಗಳ ಕಾಲ ಬಿಡಬೇಕು. ಈ ಅವಧಿಯಲ್ಲಿ ಅದು ಒಣಗಕೂಡದು. ಒಣಗಿದರೆ ಬಿಚ್ಚಿದ ಲೇಪವು ಮತ್ತೆ ಟೈಲಿಗೆ ಅಂಟಿಕೊಂಡು ಮೊದಲಿಗಿಂತ ಕಠಿನವಾಗುವುದು. ಒಣಗುವ ಸೂಚನೆ ಕಂಡಲ್ಲಿ ಮತ್ತಷ್ಟು ದ್ರಾವಣವನ್ನು ಸೇರಿಸತಕ್ಕದ್ದು. ಬಳಿಕ ನಿಮಿಷಕ್ಕೆ ಸುಮಾರು ೧೭೫ ಸುತ್ತು ತಿರುಗುವ ನಿಧಾನಯಂತ್ರದಿಂದ ಉಜ್ಜಬೇಕು. ಯಂತ್ರಕ್ಕೆ ತೊಡಿಸುವ ಪ್ಯಾಡುಗಳಿಗೆ ಬಣ್ಣವೇ ಲಕ್ಷಣ. ಕಪ್ಪು ಬಣ್ಣದ್ದು ಅತ್ಯಂತ ಒರಟಾದುದು, ಅಪನಯನಕ್ಕೆ ವಿಹಿತವಾದುದು. ಹಸಿರು ಮತ್ತು ನೀಲಿಯವು ಮೇಲ್ಪದರವನ್ನು ಉಜ್ಜಿ ತೊಳೆಯುವುದಕ್ಕೆ. ಕೆಂಪು ಮತ್ತು ಬಿಳಿಯವು ಹೊಳಪು ತರುವುದಕ್ಕೆ. ಯಂತ್ರವು ದುಂಡಾದುದರಿಂದ ಮೂಲೆಗಳನ್ನು ಮುಟ್ಟದು. ಅಲ್ಲಿ ಕೈಯಿಂದಲೇ ಉಜ್ಜಬೇಕು. ಮೂಲೆಯನ್ನು ನೋಡಿ ಕೆಲಸಗಾರನ ಶ್ರದ್ಧೆಯನ್ನು ಅಳೆಯಬಹುದೆಂದು ಆ ಉದ್ಯೋಗದವರು ಬಲ್ಲರು.

ಹೀಗೆ ಬಿಚ್ಚಿದ ಲೇಪವು ದ್ರಾವಣದೊಡನೆ ಸೇರಿ ಬೂದುಬಣ್ಣದ ರೊಜ್ಜಾಗುವುದು. ಅದನ್ನು ನೀರು ಹೀರುವ ಯಂತ್ರದಿಂದ ತಡಮಾಡದೆ ತೆಗೆಯಬೇಕು. ಆಮೇಲೆ ಶುದ್ಧವಾದ ನೀರಿನಿಂದ ಎರಡು ಸಾರಿಯಾದರೂ ತೊಳೆಯತಕ್ಕದ್ದು. ಶಾಸ್ತ್ರಗ್ರಂಥಗಳಲ್ಲಿ ಕತಕರೇಣುವಿನ ದೃಷ್ಟಾಂತವು ಪ್ರಸಿದ್ಧವಾಗಿದೆ. ಕತಕವೆಂದರೆ ಚಿಲ್ಲದ ಬೀಜ. ಅದರ ಪುಡಿಯನ್ನು ಕದಡಿದ ನೀರಿಗೆ ಹಾಕಿದರೆ ನೀರಿನ ಕೊಳೆಯನ್ನು ತಳಕ್ಕಿಳಿಸಿ ತಾನೂ ತಳಕ್ಕಿಳಿದು ಹೋಗುವುದು. ಅದನ್ನು ತೆಗೆಯಲು ಮತ್ತೊಂದು ಬೇಕಾಗುವುದಿಲ್ಲ. ಅಪನಯನದ್ರಾವಣವು ಹಾಗಲ್ಲ. ಅದು ಕೊಳೆಯನ್ನು ಬಿಡಿಸಿ ತಾನು ನೆಲದಲ್ಲಿಯೇ ಉಳಿಯುವುದು. ಉಳಿದ ಕ್ಷಾರಾಂಶವು ಹೊಸ ಲೇಪದ ಬಂಧವನ್ನು ಹುಟ್ಟುವಾಗಲೇ ಸಡಿಲಿಸಿ ಅದನ್ನು ಪುಡಿಪುಡಿಯಾಗಿ ಮಾಡುವುದು. ಒಣಗಿದ ನೆಲವನ್ನು ಅಂಗೈಯಿಂದ ಸವರಿದಾಗ ಬಿಳಿಯ ಪುಡಿ ಹತ್ತಿದರೆ ಮತ್ತೆ ತೊಳೆಯಬೇಕೆಂದು ತಿಳಿಯತಕ್ಕದ್ದು. ಹೊಸ ಲೇಪವು ಕೆಟ್ಟಿತೆಂದು ಲೇಪವನ್ನೇ ದೂಷಿಸುವವರು ಮೊದಲು ತಮ್ಮ ಪ್ರಕ್ಷಾಲನವು ಪೂರ್ಣವಾಗಿತ್ತೇ ಎಂದು ನೋಡಿಕೊಳ್ಳಬೇಕು.

ತೆಗೆದ ರೊಜ್ಜನ್ನು ಎಲ್ಲಿ ಚೆಲ್ಲಬೇಕೆಂಬುದೂ ವಿಚಾರಾರ್ಹವೇ. ಅದರಲ್ಲಿ ಸತುವೂ ಕ್ಷಾರವೂ ಇರುವುವು. ಸತುವು ನೀರಿನಲ್ಲಿ ಕರಗಿದರೆ ಮೀನು ಮೊದಲಾದ ಜಲಚರಗಳಿಗೆ ವಿಷಪ್ರಾಯವಾಗುವುದು. ಅಮೆರಿಕಾದ ಊರುಗಳಲ್ಲಿ ಮಳೆನೀರಿನ ಚರಂಡಿಯು ಸಾಮಾನ್ಯವಾಗಿ ನೇರವಾಗಿ ಹೊಳೆ ಕೆರೆಗಳನ್ನು ಸೇರುವುದರಿಂದ, ಅದರೊಳಕ್ಕೆ ರೊಜ್ಜನ್ನು ಚೆಲ್ಲಕೂಡದು. ಶುದ್ಧೀಕರಣಾಲಯಕ್ಕೆ ಹೋಗುವ ಮಲಿನಜಲದ ಮಾರ್ಗವನ್ನೇ ಆಶ್ರಯಿಸಬೇಕು. ಸತುವಿಲ್ಲದ ಲೇಪಗಳೂ ಈಗ ದೊರೆಯುತ್ತವೆ.

೬. ಪುನರ್ಲೇಪನಕ್ರಮ

ನೆಲವು ಪೂರ್ಣವಾಗಿ ಒಣಗಿದ ಮೇಲೆ ಶುದ್ಧವಾದ ಹೊಸ ಮಾಪಿನಿಂದ ಲೇಪವನ್ನು ತೆಳುವಾಗಿ ಹಚ್ಚಬೇಕು. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಹಲವು ಪದರಗಳು ಶ್ರೇಷ್ಠ. ದಪ್ಪವಾಗಿ ಹಚ್ಚಿದರೆ ಮೇಲುಭಾಗವು ಮೊದಲು ಒಣಗಿ ಒಳಗಿನ ನೀರೂ ಅಮೋನಿಯವೂ ಸಿಕ್ಕಿಕೊಳ್ಳುವುವು; ಮೇಲೆ ಹೇಳಿದ ಸತುವಿನ ಬಂಧವು ಸರಿಯಾಗಿ ಕೂಡಿಬರದು. ಒಂದು ಪದರವನ್ನು ಹಚ್ಚಿ ಅರ್ಧಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಒಣಗಗೊಟ್ಟು ಮತ್ತೊಂದನ್ನು ಹಚ್ಚುತ್ತಾರೆ. ಹೀಗೆ ನಾಲ್ಕೈದು ಪದರಗಳಾಗುವುದು ವಾಡಿಕೆ. ಮೊದಲ ಒಂದೆರಡು ಪದರಗಳನ್ನು ಮಾತ್ರ ಗೋಡೆಯ ಬುಡದವರೆಗೆ ಹಚ್ಚಿ, ಉಳಿದವನ್ನು ಗೋಡೆಯಿಂದ ಸ್ವಲ್ಪ ದೂರದಲ್ಲಿಯೇ ನಿಲ್ಲಿಸತಕ್ಕದ್ದು. ಗೋಡೆಯಂಚಿನಲ್ಲಿ ಯಾರೂ ನಡೆಯುವುದಿಲ್ಲವಾದುದರಿಂದ ಅಲ್ಲಿಯ ಲೇಪವು ಸವೆಯದೆ ಪದರದ ಮೇಲೆ ಪದರ ಬೆಳೆದು ಹಳದಿಯ ಪಟ್ಟಿಯಾಗುವುದು. ಮುಂದಿನ ಅಪನಯನದಲ್ಲಿ ಅದೇ ಅತ್ಯಂತ ಕಷ್ಟವನ್ನು ಕೊಡುವುದು.

ಲೇಪವು ಮುಟ್ಟಿದರೆ ಅಂಟದಂತಾಯಿತೆಂದಮಾತ್ರಕ್ಕೆ ಅದು ಪಕ್ವವಾಯಿತೆಂದು ತಿಳಿಯಬಾರದು. ಪೂರ್ಣವಾದ ಗಟ್ಟಿತನವು ಕೆಲವು ದಿನಗಳಲ್ಲಿ ಬರುವುದು. ಒಂದು ಅಹೋರಾತ್ರವಾದರೂ ಕಳೆಯುವವರೆಗೆ ಅದನ್ನು ತೊಳೆಯುವುದೂ ವೇಗಯಂತ್ರದಿಂದ ಹೊಳಪಿಸುವುದೂ ನಿಷಿದ್ಧ. ಹೊಳೆಯುವ ನೆಲವೆಲ್ಲ ಜಾರುವ ನೆಲವೆಂಬ ಭಯವೂ ಪೂರ್ಣವಾಗಿ ಸತ್ಯವಲ್ಲ. ಲೇಪ ಹಚ್ಚಿದ ನೆಲದ ಘರ್ಷಣೆಯನ್ನು ಜೇಮ್ಸ್ ಯಂತ್ರವೆಂಬ ಸಾಧನದಿಂದ ಅಳೆಯುವ ಪದ್ಧತಿಯೊಂದು ಅಮೆರಿಕಾದ ಎ.ಎಸ್.ಟಿ.ಎಂ. ಸಂಸ್ಥೆಯ ಪ್ರಮಾಣಗಳಲ್ಲಿದೆ, ಆ ಅಳತೆಯಲ್ಲಿ ೦.೫ಕ್ಕೆ ಕಡಮೆಯಿಲ್ಲದ ಲೇಪವು ಜಾರುವಿಕೆಯ ದೃಷ್ಟಿಯಿಂದ ಗ್ರಾಹ್ಯವೆಂದು ಎಣಿಸಲ್ಪಡುತ್ತದೆ. ಜಾರುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಲೇಪದ ಹೊಳಪಲ್ಲ. ಅದರ ಮೇಲೆ ಬಿದ್ದ ನೀರು, ಧೂಳು ಮತ್ತು ಸರಿಯಾಗಿ ತೊಳೆಯದೆ ಉಳಿದ ಸಾಬೂನು.

೭. ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಪೂರ್ವಪಕ್ಷವು ಹೀಗೆ ಏಳುವುದು. ಅಪನಯನದಿಂದ ನೆಲವು ಹೊಸದರಂತಾಗುವುದಷ್ಟೆ. ಹಾಗಾದರೆ ಅದನ್ನು ಎಷ್ಟು ಸಾರಿ ಮಾಡಿದರೆ ಅಷ್ಟು ಒಳ್ಳೆಯದಲ್ಲವೇ? ದ್ರಾವಣವು ಎಷ್ಟು ತೀಕ್ಷ್ಣವಾಗಿದ್ದು ಪ್ಯಾಡು ಎಷ್ಟು ಒರಟಾಗಿದ್ದರೆ ಅಷ್ಟು ಬೇಗ ಕೆಲಸವಾಗುವುದಲ್ಲವೇ? ಕಟ್ಟಡದ ಒಡೆಯರೂ ಗುತ್ತಿಗೆದಾರರೂ ಬಹುಮಟ್ಟಿಗೆ ಈ ಪಕ್ಷವನ್ನೇ ಹಿಡಿದಿರುತ್ತಾರೆ. ರಜೆ ಬಂದೊಡನೆ ನೆಲವು ಕೆಟ್ಟಿದೆಯೋ ಇಲ್ಲವೋ ನೋಡದೆ ಅಪನಯನವನ್ನು ಮಾಡಿಸುವುದು ಅನೇಕ ಕಡೆಗಳಲ್ಲಿ ನಿತ್ಯಕರ್ಮದಂತಾಗಿದೆ.

ಇದಕ್ಕೆ ಉತ್ತರವು ಎರಡು ಬಗೆಯದು. ಮೊದಲನೆಯದಾಗಿ, ಪ್ರತಿಯೊಂದು ಅಪನಯನದಲ್ಲಿಯೂ ಸ್ವಲ್ಪ ದ್ರಾವಣವು ಸಂದುಗಳಿಗೆ ಇಳಿಯುವುದು, ಸ್ವಲ್ಪ ಟೈಲು ಸವೆಯುವುದು. ಆದಕಾರಣ ಇದು ನಿತ್ಯಕರ್ಮವಲ್ಲ, ನಿಮಿತ್ತವಿದ್ದಾಗ ಮಾತ್ರ ಮಾಡತಕ್ಕ ನೈಮಿತ್ತಿಕಕರ್ಮ. ಕೆಸರನ್ನು ಮೆಟ್ಟಿ ತೊಳೆದುಕೊಳ್ಳುವುದಕ್ಕಿಂತ ಮೆಟ್ಟದಿರುವುದೇ ಲೇಸೆಂಬ ಪಂಕಪ್ರಕ್ಷಾಲನನ್ಯಾಯವು ಇಲ್ಲಿ ಅಕ್ಷರಶಃ ಅನ್ವಯಿಸುವುದು. ಬಾಗಿಲ ಬಳಿಯಲ್ಲಿ ಉದ್ದವಾದ ಒರಟು ಚಾಪೆಯನ್ನು ಹಾಸಿದರೆ ಮರಳೂ ಕೆಸರೂ ಅಲ್ಲಿಯೇ ನಿಲ್ಲುವುವು. ದಿನವೂ ಧೂಳನ್ನು ತೆಗೆದು, ಕ್ಷಾರವೂ ಆಮ್ಲವೂ ಅಲ್ಲದ ಸೌಮ್ಯದ್ರವದಿಂದ ಒರೆಸಿದರೆ ಲೇಪವು ಬಹುಕಾಲ ಬಾಳುವುದು. ಮಾಸಿದಾಗ ಮೇಲಿನ ಪದರವನ್ನು ಮಾತ್ರ ಹಸಿರು ಅಥವಾ ನೀಲಿ ಪ್ಯಾಡಿನಿಂದ ಉಜ್ಜಿ ತೊಳೆದು, ಅದರ ಮೇಲೆ ಒಂದೆರಡು ಪದರಗಳನ್ನು ಹಚ್ಚಬಹುದು. ಇಷ್ಟರಿಂದಲೂ ಸರಿಹೋಗದಷ್ಟು ಕೊಳೆಯು ಆಳಕ್ಕಿಳಿದಿದ್ದರೆ, ಲೇಪವು ಹಳದಿಗಟ್ಟಿದ್ದರೆ, ಅಥವಾ ಪದರಗಳು ಕಿತ್ತುಬರುತ್ತಿದ್ದರೆ ಮಾತ್ರ ಪೂರ್ಣಾಪನಯನಕ್ಕೆ ಅವಕಾಶ.

ಎರಡನೆಯ ಉತ್ತರವು ಇದಕ್ಕಿಂತಲೂ ಗುರುತರವಾದುದು. ೧೯೮೦ರ ದಶಕದ ಆರಂಭದವರೆಗೂ ಅಮೆರಿಕಾದಲ್ಲಿ ತಯಾರಾದ ವಿನೈಲ್ ಟೈಲುಗಳಲ್ಲಿ ಅನೇಕವು ಕಲ್ನಾರು ಎಂದರೆ ಆಸ್ಬೆಸ್ಟಾಸ್ ಬೆರೆತವು. ಒಂಬತ್ತಂಗುಲದ ಚೌಕವಾದ ಹಳೆಯ ಟೈಲುಗಳಲ್ಲಿ ಇದು ಬಹಳ ಸಾಮಾನ್ಯ. ಕೆಲವು ಕಡೆ ಕೆಳಗಿನ ಕಪ್ಪು ಅಂಟಿನಲ್ಲಿಯೂ ಅದಿರುವುದು. ಟೈಲು ಇಡಿಯಾಗಿರುವವರೆಗೆ ಕಲ್ನಾರು ವಿನೈಲಿನಿಂದ ಬಂಧಿತವಾಗಿ ಯಾರಿಗೂ ಕೇಡನ್ನು ಮಾಡದು. ಒಣನೆಲವನ್ನು ಒರಟು ಪ್ಯಾಡಿನಿಂದ ವೇಗವಾಗಿ ಉಜ್ಜಿ ಟೈಲಿನ ಮೈಯನ್ನೇ ಸವೆಯಿಸಿದರೆ, ಕಣ್ಣಿಗೆ ಕಾಣದ ಅದರ ನಾರುಗಳು ಗಾಳಿಯನ್ನು ಸೇರುವುವು. ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕ ನಾರು ಹಲವು ದಶಕಗಳ ಮೇಲೆ ಅರ್ಬುದರೋಗವನ್ನು ಹುಟ್ಟಿಸಬಲ್ಲುದು.

ಈ ಕಾರಣದಿಂದ ಆ ದೇಶದ ಇ.ಪಿ.ಎ. ಎಂಬ ಪರಿಸರಸಂರಕ್ಷಣಾ ಇಲಾಖೆಯು ೧೯೯೦ರಲ್ಲಿ ಕಲ್ನಾರುಳ್ಳ ನೆಲಗಳ ಪಾಲನೆಗಾಗಿ ಸೂಚನೆಗಳನ್ನು ಹೊರಡಿಸಿತು. ಅಪನಯನವನ್ನು ಸಾಧ್ಯವಾದಷ್ಟು ವಿರಳವಾಗಿ, ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸಾರಿ ಮಾತ್ರ ಮಾಡಬೇಕು, ಒಣನೆಲದಲ್ಲಿ ಮಾಡಲೇಕೂಡದು, ಹಳೆಯ ಲೇಪವು ಹೋದೊಡನೆ ನಿಲ್ಲಿಸಬೇಕು ಎಂಬುದು ಅವುಗಳ ಸಾರ. ಓಷಾ ಎಂಬ ಉದ್ಯೋಗಸುರಕ್ಷಾ ಇಲಾಖೆಯ ೧೯೯೪ರ ನಿಯಮಗಳು ಇದನ್ನೇ ಶಾಸನವಾಗಿ ಮಾಡಿದುವು. ಅವುಗಳ ಪ್ರಕಾರ ಕಲ್ನಾರುಳ್ಳ ನೆಲವನ್ನು ಮರಳುಕಾಗದದಿಂದ ತಿಕ್ಕುವುದು ನಿಷಿದ್ಧ; ಅಪನಯನವನ್ನು ನೆಲವು ಒದ್ದೆಯಾಗಿರುವಾಗಲೇ, ಒರಟಲ್ಲದ ಪ್ಯಾಡಿನಿಂದ, ನಿಮಿಷಕ್ಕೆ ೩೦೦ಕ್ಕಿಂತ ಕಡಮೆ ಸುತ್ತುಗಳ ವೇಗದಲ್ಲಿ ಮಾಡಬೇಕು; ಪ್ಯಾಡು ಟೈಲನ್ನು ಮುಟ್ಟದಷ್ಟು ಲೇಪವು ಇದ್ದಾಗ ಮಾತ್ರ ಒಣಹೊಳಪು ಕೊಡಬಹುದು. ಆದುದರಿಂದ ಮೇಲೆ ಅಪನಯನಕ್ಕೆ ವಿಹಿತವೆಂದು ಹೇಳಿದ ಕಪ್ಪು ಪ್ಯಾಡು ಸಾಮಾನ್ಯವಿಧಿ. ಕಲ್ನಾರಿನ ನೆಲದಲ್ಲಿ ಅದಕ್ಕೆ ವಿಶೇಷನಿಷೇಧವುಂಟೆಂದು ತಿಳಿಯತಕ್ಕದ್ದು. ಸಾಮಾನ್ಯಕ್ಕಿಂತ ವಿಶೇಷವು ಬಲವತ್ತರವೆಂಬುದು ಶಾಸ್ತ್ರಸಮ್ಮತ.

ಆ ನಿಯಮಗಳಲ್ಲಿ ಮತ್ತೊಂದು ಅಂಶವು ವಿಶೇಷವಾಗಿ ಉಲ್ಲೇಖಾರ್ಹ. ೧೯೮೦ರಲ್ಲಿ ಅಥವಾ ಅದಕ್ಕೂ ಹಿಂದೆ ಹಾಸಿದ ಡಾಂಬರು ಅಥವಾ ವಿನೈಲಿನ ನೆಲವನ್ನು, ಪರೀಕ್ಷೆಯಿಂದ ಇಲ್ಲವೆಂದು ಸಿದ್ಧವಾಗುವವರೆಗೆ, ಕಲ್ನಾರುಳ್ಳದ್ದೆಂದೇ ಭಾವಿಸತಕ್ಕದ್ದು. ಇದೆಯೆಂದು ತೋರಿಸುವ ಭಾರವನ್ನು ಕೆಲಸಗಾರನ ಮೇಲೆ ಹೊರಿಸದೆ, ಇಲ್ಲವೆಂದು ತೋರಿಸುವ ಭಾರವನ್ನು ಒಡೆಯನ ಮೇಲೆ ಹೊರಿಸಿರುವುದು ಇಲ್ಲಿಯ ನ್ಯಾಯ. ಇಂತಹ ನೆಲದಲ್ಲಿ ಲೇಪವು ಅಲಂಕಾರವಲ್ಲ, ರಕ್ಷೆ. ಅದನ್ನು ಹೊಳಪಿನ ಆಸೆಯಿಂದ ಪದೇ ಪದೇ ತೆಗೆಯುವವನು ರಕ್ಷೆಯನ್ನೇ ತೆಗೆಯುತ್ತಾನೆ.

೮. ಕರ್ತೃವಿಚಾರ

ನೆಲದ ಪಾಲನೆಯನ್ನು ಕುರಿತ ಕೈಪಿಡಿಗಳಲ್ಲಿ ಕರ್ಮವಾದ ನೆಲದ ವಿಚಾರವೂ ಕರಣಗಳಾದ ದ್ರಾವಣ, ಯಂತ್ರ, ಪ್ಯಾಡುಗಳ ವಿಚಾರವೂ ವಿಸ್ತಾರವಾಗಿರುವುವು. ಕರ್ತೃವಿನ ವಿಚಾರವು ಸ್ವಲ್ಪವೇ. ಕರ್ತೃವಿಲ್ಲದೆ ಕ್ರಿಯೆಯಿಲ್ಲವೆಂಬುದನ್ನು ವ್ಯಾಕರಣವನ್ನು ಓದಿದವರಿಗೆ ಹೇಳಬೇಕಾದುದಿಲ್ಲ. ಈ ಕೆಲಸವು ಬಹುಮಟ್ಟಿಗೆ ರಾತ್ರಿಯಲ್ಲಿ ನಡೆಯುವುದರಿಂದ ಅದನ್ನು ಮಾಡುವವರು ಬೆಳಗ್ಗೆ ಬರುವವರ ಕಣ್ಣಿಗೆ ಬೀಳುವುದಿಲ್ಲ. ರಾತ್ರಿಯಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಕಟ್ಟಡಗಳಲ್ಲಿ ದ್ರಾವಣದ ಆವಿಯು ಅವರ ಉಸಿರಿಗೇ ಸೇರುವುದು.

ಅಪನಯನದ್ರಾವಣಗಳಲ್ಲಿ ಸಾಮಾನ್ಯವಾಗಿರುವ ದ್ರವ್ಯಗಳು ಮಾನೋಎಥನಾಲಮೀನ್, ಬೆಂಜೈಲ್ ಆಲ್ಕೊಹಾಲ್, ೨-ಬ್ಯೂಟಾಕ್ಸಿಎಥನಾಲ್ ಮತ್ತು ತೀಕ್ಷ್ಣಕ್ಷಾರಗಳು. ಕ್ಷಾರವು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ೨-ಬ್ಯೂಟಾಕ್ಸಿಎಥನಾಲ್ ಉಸಿರಿನಿಂದಲ್ಲದೆ ಚರ್ಮದ ಮೂಲಕವೂ ದೇಹವನ್ನು ಸೇರುವುದು. ಇದು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ೫೦ ಭಾಗಗಳನ್ನು ಮೀರಕೂಡದೆಂದು ಓಷಾ ಇಲಾಖೆಯ ಶಾಸನವಿದೆ. ಅದೇ ದೇಶದ ನಯಾಷ್ ಎಂಬ ಉದ್ಯೋಗಾರೋಗ್ಯ ಸಂಶೋಧನಾಸಂಸ್ಥೆಯು ೫ ಭಾಗಗಳನ್ನು ಮೀರಕೂಡದೆಂದು ಹೇಳಿದೆ. ಶಾಸನದ ಮಿತಿಗೂ ಸಂಶೋಧಕರ ಮಿತಿಗೂ ಹತ್ತರಷ್ಟು ಅಂತರವಿರುವಲ್ಲಿ, ಕೈಗವಸು, ಕನ್ನಡಕ, ಜಾರದ ಪಾದರಕ್ಷೆ ಮತ್ತು ಗಾಳಿಯ ಸಂಚಾರಗಳನ್ನು ಒದಗಿಸುವುದು ಒಡೆಯನ ಔದಾರ್ಯವಲ್ಲ, ಕರ್ತವ್ಯ.

ದ್ರವ್ಯದ ಗುಣದೋಷಗಳನ್ನು ಕೆಲಸಗಾರರಿಗೆ ತಿಳಿಸಲೇಬೇಕೆಂಬ ನಿಯಮವು ೧೯೮೩ರಲ್ಲಿ ಕಾರ್ಖಾನೆಗಳಿಗೂ, ೧೯೮೭ರಲ್ಲಿ ಉಳಿದ ಉದ್ಯೋಗಗಳಿಗೂ ವಿಧಿಸಲ್ಪಟ್ಟಿತು. ಪಾಠಶಾಲೆಗಳ ಕಲ್ನಾರನ್ನು ಕುರಿತ ೧೯೮೬ರ ಶಾಸನವನ್ನು ಅನುಸರಿಸಿ, ಕಲ್ನಾರುಳ್ಳ ಶಾಲೆಗಳಲ್ಲಿ ನೆಲ ಗುಡಿಸಿ ತೊಳೆಯುವವರಿಗೂ ಎರಡು ಗಂಟೆಗಳ ಶಿಕ್ಷಣವು ದೊರೆಯಬೇಕು. ಆದರೆ ಈ ಕೆಲಸಗಾರರಲ್ಲಿ ಅನೇಕರು ಪರದೇಶಗಳಿಂದ ಬಂದವರು, ಇಂಗ್ಲಿಷನ್ನು ಓದಲಾರದವರು. ಅರ್ಥವಾಗದ ಭಾಷೆಯಲ್ಲಿ ಹೇಳಿದುದು ಹೇಳದಿದ್ದುದಕ್ಕೆ ಸಮಾನವಷ್ಟೆ. ಇಂತಹ ಶಿಕ್ಷಣವನ್ನು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಶಬ್ದಗಳಲ್ಲಿಯೂ ಕೊಡಬೇಕೆಂದು ಓಷಾ ಇಲಾಖೆಯು ೨೦೧೦ರಲ್ಲಿ ಸ್ಪಷ್ಟಪಡಿಸಿತು. ಡಬ್ಬಿಯ ಮೇಲಿನ ನಾಲ್ಕು ಸಾಲುಗಳನ್ನು ಓದಿ ತಿಳಿಯುವುದೂ ತಿಳಿಯದಿರುವುದೂ ಒಬ್ಬನ ಕಣ್ಣಿಗೂ ಶ್ವಾಸಕೋಶಕ್ಕೂ ಸಂಬಂಧಪಟ್ಟ ಸಂಗತಿಯಾಗಿದೆ.

೯. ಉಪಸಂಹಾರ

ವೇದಾಂತಿಗಳು ಉಪದೇಶಕ್ಕಾಗಿ ಅಧ್ಯಾರೋಪವನ್ನು ಮಾಡಿ ಬಳಿಕ ಅಪವಾದದಿಂದ ಅದನ್ನು ತೆಗೆಯುತ್ತಾರೆ. ತೆಗೆಯುವುದು ಆರೋಪಿಸಿದುದನ್ನು ಮಾತ್ರ, ಆಧಾರವಾದ ವಸ್ತುವನ್ನಲ್ಲ. ಲೌಕಿಕವಾದ ಈ ನೆಲದ ಕೆಲಸಕ್ಕೂ ಅದೇ ಮರ್ಯಾದೆಯು ಸಲ್ಲುವುದು. ಹಚ್ಚಿದುದನ್ನು ತೆಗೆಯಬೇಕು, ಅಲ್ಲಿಗೆ ನಿಲ್ಲಬೇಕು. ನೆಲದ ಜಾತಿಯನ್ನು ಅರಿತು, ದ್ರಾವಣಕ್ಕೆ ಕಾಲವನ್ನು ಕೊಟ್ಟು, ಶುದ್ಧವಾಗಿ ತೊಳೆದು, ತೆಳುವಾಗಿ ಲೇಪಿಸಿ, ಬಾಗಿಲಲ್ಲಿಯೇ ಕೊಳೆಯನ್ನು ತಡೆದರೆ, ಪೂರ್ಣಾಪನಯನವು ವಿರಳವಾಗಿಯೇ ಬೇಕಾಗುವುದು. ಲೇಪವೇ ಬೇಡದ ಹೊಸ ಬಗೆಯ ವಿನೈಲ್ ನೆಲಗಳು ಈಗ ಅನೇಕ ಕಟ್ಟಡಗಳಲ್ಲಿ ಬರುತ್ತಿವೆಯಾದರೂ, ಹಿಂದೆ ಹಾಸಿದ ನೆಲಗಳು ಇನ್ನೂ ಬಹುವಾಗಿ ಉಳಿದಿವೆ. ಅವುಗಳ ಹೊಳಪನ್ನು ನೋಡಿ ಮೆಚ್ಚುವವರು ಆ ಹೊಳಪಿನ ಕೆಳಗೆ ಏನಿದೆ, ರಾತ್ರಿಯಲ್ಲಿ ಅದನ್ನು ಹಚ್ಚಿದವರು ಯಾರು, ಅವರಿಗೆ ಅದನ್ನು ತಿಳಿಸಿದವರುಂಟೇ ಎಂಬುದನ್ನೂ ವಿಚಾರಿಸಿದರೆ ಈ ವಿದ್ಯೆಯು ಪೂರ್ಣವಾಗುವುದು.